ಪಿಜಿ, ಪಾಲಿನ ಫ್ಲ್ಯಾಟ್, ಮಹಡಿ ಮನೆ, ಭೋಗ್ಯ: ಬೆಂಗಳೂರಿನಲ್ಲಿ ಯಾವುದನ್ನು ಹಿಡಿಯಬೇಕು?

ಬೆಂಗಳೂರಿಗೆ ಕೆಲಸಕ್ಕೆ ಬಂದವರು ಮನೆ ಹುಡುಕುವಾಗ ಕೇಳುವ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದು, ಎರಡನೆಯದು ಅಡ್ವಾನ್ಸ್ ಎಷ್ಟು ಎಂಬುದು. ಕೇಳಲೇಬೇಕಾದ ಪ್ರಶ್ನೆಗಳು, ಸರಿ. ಆದರೆ ಪಿಜಿಯನ್ನೂ ಫ್ಲ್ಯಾಟನ್ನೂ ಮಹಡಿ ಮನೆಯನ್ನೂ ಎದುರುಬದುರು ಇಟ್ಟು ನೋಡುವಾಗ ಇವೆರಡರಿಂದಲೇ ತೀರ್ಮಾನಕ್ಕೆ ಬರಲಾಗದು. ಇಪ್ಪತ್ತೆರಡರಿಂದ ಮೂವತ್ತರ ವಯಸ್ಸಿನಲ್ಲಿ ಒಂದೇ ಮನೆಯಲ್ಲಿ ಐದು ವರ್ಷ ನೆಲೆಸುವವರು ಕಡಿಮೆ. ಕೆಲಸ ಬದಲಾಗುತ್ತದೆ, ಕಚೇರಿಯೇ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಎದ್ದು ಹೋಗುತ್ತದೆ, ಜೊತೆಗಿದ್ದವನಿಗೆ ಮದುವೆ ನಿಶ್ಚಯವಾಗುತ್ತದೆ. ಆದ್ದರಿಂದ ಪ್ರತಿ ಆಯ್ಕೆಯ ಮುಂದೆಯೂ ನಾನು ಇಡುವ ಪ್ರಶ್ನೆ ಬೇರೆ: ನಾಲ್ಕು ತಿಂಗಳಾದ ಮೇಲೆ ಈ ಮನೆ ಬೇಡವೆನಿಸಿದರೆ, ಎಷ್ಟು ಹಣ ಕಳೆದುಕೊಂಡು ಹೊರಡಬೇಕಾಗುತ್ತದೆ? ಇದನ್ನು ‘ಬಿಡುವ ಖರ್ಚು’ ಎನ್ನೋಣ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ಸಿಂಗಲ್ ಬೆಡ್‌ರೂಮ್ ಮನೆ ಎಂದುಕೊಳ್ಳಿ. ಬ್ರೋಕರ್ ಮೂಲಕ ಬಂದರೆ ಅವರಿಗೆ ಒಂದು ತಿಂಗಳ ಬಾಡಿಗೆ. ಖಾಲಿ ಮಾಡುವಾಗ ಸುಣ್ಣ ಬಣ್ಣದ ಹೆಸರಿನಲ್ಲಿ ಅಡ್ವಾನ್ಸ್‌ನಿಂದ ಕಡಿತವಾಗುವುದು ಇನ್ನೊಂದು ತಿಂಗಳ ಬಾಡಿಗೆ. ಒಟ್ಟು 36,000. ನಾಲ್ಕೇ ತಿಂಗಳಿಗೆ ಬಿಟ್ಟರೆ ಈ ಹಣ ತಿಂಗಳಿಗೆ 9,000ದಂತೆ ಬೀಳುತ್ತದೆ; ಅಂದರೆ ನೀವು ಇದ್ದದ್ದು 27,000 ರೂಪಾಯಿಯ ಮನೆಯಲ್ಲಿ. ಮೂರು ವರ್ಷ ಇದ್ದರೆ ಅದೇ ಹಣ ತಿಂಗಳಿಗೆ ಒಂದು ಸಾವಿರ ಮಾತ್ರ. ಮನೆ ದುಬಾರಿಯೋ ಅಗ್ಗವೋ ಎಂಬುದು ನೀವು ಎಷ್ಟು ಕಾಲ ಇರುತ್ತೀರಿ ಎಂಬುದರ ಮೇಲೆ ನಿಂತಿದೆ. ಅಡ್ವಾನ್ಸ್‌ನ ವಿಷಯವೂ ಹಾಗೆಯೇ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರಿದ್ದಾರೆ, ಚೌಕಾಸಿ ಮಾಡಿದರೆ ಅದಕ್ಕೂ ಕೆಳಗೆ ಇಳಿಯುವವರಿದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಜಾರಿ. ಮಾಲೀಕರ ಮುಂದೆ ಅದನ್ನು ಎತ್ತಿದರೆ ನಗುತ್ತಾರೆ.

ಪಿಜಿ

ಬಿಡುವ ಖರ್ಚಿನಲ್ಲಿ ಪಿಜಿಯನ್ನು ಮೀರಿಸುವ ಆಯ್ಕೆಯಿಲ್ಲ. ಸಣ್ಣ ಅಡ್ವಾನ್ಸ್, ಸಾಮಾನ್ಯವಾಗಿ ಒಂದು ತಿಂಗಳ ಮುನ್ಸೂಚನೆ, ಮಂಚ ಹಾಸಿಗೆ ಊಟ ವೈಫೈ ಎಲ್ಲವೂ ಒಂದೇ ಮೊತ್ತದಲ್ಲಿ. ಊರು ಗೊತ್ತಿಲ್ಲದ ಮೊದಲ ಮೂರರಿಂದ ಆರು ತಿಂಗಳಿಗೆ ಇದಕ್ಕಿಂತ ಜಾಣತನದ ದಾರಿ ನನಗೆ ಕಾಣುವುದಿಲ್ಲ. ಬಿಟಿಎಂ ಬಡಾವಣೆ, ಮಾರತ್ತಹಳ್ಳಿ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಒಂದೊಂದು ಅಡ್ಡರಸ್ತೆಗೂ ನಾಲ್ಕಾರು ಸಿಗುತ್ತವೆ. ಒಂದು ಹಿಡಿಸದಿದ್ದರೆ ಸೂಟ್‌ಕೇಸ್ ಎತ್ತಿಕೊಂಡು ಮುಂದಿನದಕ್ಕೆ ಹೋಗಬಹುದು.

ಆದರೆ ನೋಡಿ ಸೇರಿಕೊಳ್ಳಿ. ಪಿಜಿಗಳಿಗೆ ನಗರದ ಪಾಲಿಕೆ 2024ರಲ್ಲಿ ಮಾರ್ಗಸೂಚಿ ಹೊರಡಿಸಿತು: ಪ್ರತಿಯೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆ ಇದ್ದರೆ ಆಹಾರ ಸುರಕ್ಷತಾ ಪರವಾನಗಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಮೂರು ಮಂಚ ಹಾಕಿದ್ದರೆ ಒಬ್ಬರ ಪಾಲಿಗೆ 40 ಚದರ ಅಡಿ. ಇಂಥ ಕೋಣೆಗಳು ಎಷ್ಟಿವೆ ಎಂದು ಎಣಿಸಲು ಹೋಗಬೇಡಿ. ನೀವು ಮಲಗುವ ಕೋಣೆಯನ್ನು ಮಾತ್ರ ಅಳೆದುಕೊಳ್ಳಿ. ಕೋಣೆ ತೋರಿಸಲು ಪಿಜಿಯವರು ಕರೆಯುವ ಹೊತ್ತಿಗಿಂತ ಬೆಳಗಿನ ಎಂಟು ಗಂಟೆಗೆ ಹೋಗುವುದು ಲೇಸು. ಬಚ್ಚಲಿನ ಮುಂದಿನ ಸಾಲು, ತಿಂಡಿಯ ರುಚಿ, ಬಿಸಿನೀರು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಎಲ್ಲವೂ ಆಗ ತಾನಾಗಿ ಗೊತ್ತಾಗುತ್ತದೆ.

ಪಿಜಿಯಲ್ಲಿ ವರ್ಷ ಮೀರಿ ಇರುವವರನ್ನು ಕಂಡರೆ ನನಗೆ ಕೇಳಬೇಕೆನಿಸುತ್ತದೆ: ಊಟಕ್ಕೆ ದುಡ್ಡು ಕೊಟ್ಟೂ ವಾರಕ್ಕೆ ನಾಲ್ಕು ಸಲ ಹೊರಗಿನಿಂದ ತರಿಸಿಕೊಳ್ಳುತ್ತೀರಲ್ಲ, ಅದನ್ನೂ ಬಾಡಿಗೆಗೆ ಸೇರಿಸಿದ್ದೀರಾ? ಸೇರಿಸಿದರೆ ಮುಂದಿನ ಆಯ್ಕೆ ಹಲವರಿಗೆ ಅಗ್ಗವಾಗುತ್ತದೆ.

ಪಾಲಿನ ಫ್ಲ್ಯಾಟ್

ಇಬ್ಬರು ಮೂವರು ಸೇರಿ ಎರಡು ಬೆಡ್‌ರೂಮ್ ಮನೆ ಹಿಡಿಯುವುದು ಈ ವಯಸ್ಸಿನವರಿಗೆ ಅತ್ಯಂತ ಲಾಭದ ವ್ಯವಸ್ಥೆ. ಜಗಳಕ್ಕೆ ಅತ್ಯಂತ ಫಲವತ್ತಾದ ನೆಲವೂ ಅದೇ. ಜಗಳಗಳು ಪಾತ್ರೆ ತೊಳೆಯುವುದರಿಂದ ಹುಟ್ಟುತ್ತವೆ ಎಂದು ಎಲ್ಲರೂ ಭಾವಿಸುತ್ತಾರೆ. ಪಾತ್ರೆಯ ಜಗಳ ಒಂದು ಸಂಜೆಗೆ ಮುಗಿಯುತ್ತದೆ. ಮುಗಿಯದಿರುವುದು ಅಡ್ವಾನ್ಸ್‌ನ ಜಗಳ.

ಬಾಡಿಗೆ 30,000, ಅಡ್ವಾನ್ಸ್ 1,80,000, ಮೂವರು ತಲಾ 60,000 ಹಾಕಿದ್ದೀರಿ. ಎಂಟನೇ ತಿಂಗಳಿಗೆ ಒಬ್ಬರು ಹೈದರಾಬಾದಿಗೆ ಹೊರಟರು. ಮಾಲೀಕರು ಇಡೀ ಮನೆ ಖಾಲಿಯಾಗದೆ ಒಂದು ಪೈಸೆಯನ್ನೂ ಹಿಂತಿರುಗಿಸುವುದಿಲ್ಲ. ಅವರ ದೃಷ್ಟಿಯಲ್ಲಿ ಅದು ಸರಿಯೇ. ಹೊರಟವರ 60,000ವನ್ನು ಹೊಸದಾಗಿ ಬರುವವರು ಕೊಡಬೇಕು. ಬರುವವರು ಸಿಗುವ ತನಕ ಯಾರು ತುಂಬಬೇಕು? ಬಾಡಿಗೆಯ ಮೂರನೇ ಪಾಲು ಯಾರ ತಲೆಗೆ? ಮಾಲೀಕರೊಂದಿಗಿನ ಕರಾರಿನಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಮನೆ ಹೊಕ್ಕುವ ವಾರವೇ ನಿಮ್ಮ ನಿಮ್ಮಲ್ಲಿ ಒಂದು ಪುಟ ಬರೆದುಕೊಳ್ಳಿ: ಬಿಡುವವರು ಎಷ್ಟು ದಿನ ಮೊದಲು ಹೇಳಬೇಕು, ಬದಲಿ ಜನ ಸಿಗುವ ತನಕ ಯಾರು ಬಾಡಿಗೆ ಕೊಡಬೇಕು, ಬಣ್ಣದ ಕಡಿತವನ್ನು ಹೇಗೆ ಹಂಚಿಕೊಳ್ಳಬೇಕು. ಗೆಳೆಯರ ನಡುವೆ ಕಾಗದ ಏಕೆಂದು ಮುಜುಗರಪಡುವವರು ಬಹಳ. ಗೆಳೆತನ ಉಳಿಯಬೇಕೆಂದಿದ್ದರೆ ಅದೇ ಕಾರಣಕ್ಕೆ ಬರೆಯಬೇಕು. ಮಾಲೀಕರೊಂದಿಗಿನ ಕರಾರಿನಲ್ಲಿಯೂ ಎಲ್ಲರ ಹೆಸರು ಇರಲಿ. ಒಬ್ಬರ ಹೆಸರಷ್ಟೇ ಇದ್ದರೆ ಉಳಿದವರು ಕಾಗದದ ಮಟ್ಟಿಗೆ ನೆಂಟರು.

ಬಾಡಿಗೆಯನ್ನು ತಲೆ ಎಣಿಸಿ ಹಂಚುವುದಕ್ಕಿಂತ ಕೋಣೆ ನೋಡಿ ಹಂಚುವುದು ನ್ಯಾಯ. ಬಚ್ಚಲು ಸೇರಿದ ದೊಡ್ಡ ಕೋಣೆಯಲ್ಲಿ ಒಬ್ಬರೇ ಇರುವವರು, ರಸ್ತೆಯ ಗದ್ದಲದ ಸಣ್ಣ ಕೋಣೆಯಲ್ಲಿ ಇರುವವರಷ್ಟೇ ಕೊಡುವುದು ಯಾವ ಲೆಕ್ಕ? ಅಡುಗೆಯವರು, ಮನೆಗೆಲಸದವರು, ಗ್ಯಾಸ್, ನೀರಿನ ಕ್ಯಾನ್ ಇವುಗಳನ್ನು ಮಾತ್ರ ತಲಾವಾರು ಹಂಚಿ. ಅಡುಗೆಯವರನ್ನು ಇಟ್ಟುಕೊಳ್ಳುವುದು ಶೋಕಿಯಲ್ಲ. ಮೂವರು ಹಂಚಿಕೊಂಡರೆ ಒಬ್ಬರ ಪಾಲಿನ ಸಂಬಳ ಹೊರಗಿನಿಂದ ತರಿಸುವ ನಾಲ್ಕಾರು ಊಟದ ಬಿಲ್ಲಿಗೆ ಸಮವಾಗುತ್ತದೆ.

ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಹಿಡಿಯುವುದಾದರೆ ಮೇಂಟೆನೆನ್ಸ್ ಬಾಡಿಗೆಯೊಳಗೆ ಸೇರಿದೆಯೋ ಹೊರಗಿದೆಯೋ, ಅವಿವಾಹಿತರ ಬಗ್ಗೆ, ಅತಿಥಿಗಳ ಬಗ್ಗೆ ನಿವಾಸಿಗಳ ಸಂಘದ ನಿಯಮಗಳೇನು ಎಂಬುದನ್ನು ಮಾಲೀಕರಿಂದಲ್ಲ, ಸಂಘದ ಕಚೇರಿಯಿಂದಲೇ ಕೇಳಿ. ದುಬೈಯಲ್ಲಿ ಕುಳಿತ ಮಾಲೀಕರಿಗೆ ಅವು ಗೊತ್ತಿರಬೇಕೆಂದೇನೂ ಇಲ್ಲ.

ಮಹಡಿ ಮನೆ

ಮೂವತ್ತು ನಲವತ್ತರ ಸೈಟಿನಲ್ಲಿ ನೆಲಮಹಡಿಯಲ್ಲಿ ಮಾಲೀಕರು, ಮೇಲೆ ಎರಡು ಮೂರು ಬಾಡಿಗೆ ಮನೆಗಳು: ರಾಜಾಜಿನಗರ, ವಿಜಯನಗರ, ಬನಶಂಕರಿ, ಜಯನಗರದ ಹಳೆಯ ಭಾಗಗಳಲ್ಲಿ ಬೆಂಗಳೂರು ಬದುಕುವುದು ಹೀಗೆ. ಗೇಟಿಗೆ ಕಟ್ಟಿದ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ನೋಡಿಕೊಂಡು ಭಾನುವಾರ ಬೆಳಗ್ಗೆ ನಡೆದರೆ ಬ್ರೋಕರ್ ಇಲ್ಲದೆಯೂ ಸಿಗುತ್ತದೆ. ಅಲ್ಲಿಗೇ ಒಂದು ತಿಂಗಳ ಬಾಡಿಗೆ ಉಳಿಯಿತು.

ಒಳ್ಳೆಯದೇನೆಂದರೆ ಮೇಂಟೆನೆನ್ಸ್ ಕಡಿಮೆ, ನಲ್ಲಿ ಕೆಟ್ಟರೆ ಹೇಳಲು ಮನುಷ್ಯರೊಬ್ಬರು ಕೆಳಗೇ ಇರುತ್ತಾರೆ, ಹಾಲು ತರಕಾರಿ ಅಂಗಡಿ ಬೀದಿಯ ತುದಿಯಲ್ಲಿ. ಕಷ್ಟವೂ ಅದೇ ಮನುಷ್ಯರು. ರಾತ್ರಿ ಹತ್ತೂವರೆಗೆ ಗೇಟಿಗೆ ಬೀಗ, ಮಾಂಸದ ಅಡುಗೆಗೆ ನಿಷೇಧ, ಮನೆಗೆ ಬಂದ ಗೆಳತಿಯ ಕುರಿತು ಪ್ರಶ್ನೆಗಳು. ಇವನ್ನೆಲ್ಲ ಮನೆ ನೋಡುವ ದಿನವೇ ಬಾಯಿಬಿಟ್ಟು ಕೇಳಿ. ‘ರಾತ್ರಿ ಪಾಳಿಯ ಕೆಲಸ, ಬರುವುದು ಎರಡು ಗಂಟೆಗೆ, ಗೇಟಿನ ಬೀಗದ ಕೈ ಒಂದು ಕೊಡುತ್ತೀರಾ ಆಂಟಿ?’ ಎಂದು ಮೊದಲೇ ಕೇಳಿದವರಿಗೆ ಬಹಳ ಮಾಲೀಕರು ಒಪ್ಪುತ್ತಾರೆ. ಹೇಳದೆ ಸೇರಿಕೊಂಡು ಆಮೇಲೆ ತಡವಾಗಿ ಬಂದವರಿಗೆ ಅದೇ ಮಾಲೀಕರು ಮುಖ ಸಿಂಡರಿಸುತ್ತಾರೆ.

ಕೊನೆಯ ಮಹಡಿ ಸಿಕ್ಕರೆ ಬೆಳಕು ಗಾಳಿ ಧಾರಾಳ, ಆದರೆ ಏಪ್ರಿಲ್ ತಿಂಗಳಲ್ಲಿ ತಾರಸಿ ಕಾದು ರಾತ್ರಿ ಹನ್ನೊಂದರ ತನಕ ಕೋಣೆ ಒಲೆಯಾಗಿರುತ್ತದೆ. ಮಧ್ಯದ ಮಹಡಿ, ಪೂರ್ವಕ್ಕೆ ಕಿಟಕಿ ಇದ್ದರೆ ಅದನ್ನೇ ಆರಿಸಿ. ತೀರಾ ನೆಲಮಹಡಿಯಾದರೆ ಮಳೆಗಾಲದ ಚರಿತ್ರೆ ವಿಚಾರಿಸಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆಯಲ್ಲಿ ಮನೆಯೊಳಗೆ ನೀರು ನುಗ್ಗಿದ್ದನ್ನು ಎಲ್ಲರೂ ನೋಡಿದ್ದೇವೆ. ಗೋಡೆಯ ಬುಡದಲ್ಲಿ ಹೊಸ ಬಣ್ಣ ಬಳಿದು ಮೇಲೆ ಹಳೆಯ ಬಣ್ಣ ಬಿಟ್ಟಿದ್ದರೆ ಕಾರಣ ಕೇಳಲು ಹಿಂಜರಿಯಬೇಡಿ.

ಭೋಗ್ಯ

ಹತ್ತು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರಿ, ಹೋಗುವಾಗ ಹತ್ತು ಲಕ್ಷ ವಾಪಸ್. ಕೇಳಲು ಬಹಳ ಸೊಗಸು. ಲೆಕ್ಕವೂ ಮೇಲ್ನೋಟಕ್ಕೆ ಚೆನ್ನಾಗಿದೆ: ಆ ಹಣವನ್ನು ಬ್ಯಾಂಕಿನಲ್ಲಿ ಶೇಕಡಾ 7ರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 70,000, ತಿಂಗಳಿಗೆ ಸುಮಾರು 5,800. ಅಂದರೆ 15,000 ಬಾಡಿಗೆಯ ಮನೆಯಲ್ಲಿ ನೀವು 5,800ಕ್ಕೆ ಇದ್ದಂತೆ. ಆದರೆ ಅದೇ ಹಣವನ್ನು ಶೇಕಡಾ 12ರ ವೈಯಕ್ತಿಕ ಸಾಲ ಮಾಡಿ ತಂದರೆ ಆರಂಭದಲ್ಲಿ ಬಡ್ಡಿಯೇ ತಿಂಗಳಿಗೆ ಸುಮಾರು ಹತ್ತು ಸಾವಿರ. ಲಾಭ ಸುಮಾರು ಅರ್ಧಕ್ಕೆ ಇಳಿಯಿತು, ಅಪಾಯ ಹಾಗೇ ಉಳಿಯಿತು.

ಅಪಾಯವೇನು? ಒಮ್ಮೆಗೆ ಹತ್ತು ಲಕ್ಷ ಬೇಕಾದ ಮಾಲೀಕರಿಗೆ ಅದು ಏಕೆ ಬೇಕು ಎಂಬುದನ್ನು ಯೋಚಿಸಿ. ಹಲವು ಸಲ ಆ ಮನೆಯ ಮೇಲೆ ಈಗಾಗಲೇ ಬ್ಯಾಂಕಿನ ಸಾಲವಿರುತ್ತದೆ. ಕಂತು ನಿಂತರೆ ಬ್ಯಾಂಕು ಮನೆಯನ್ನು ವಶಕ್ಕೆ ಪಡೆದು ಹರಾಜಿಗೆ ಇಡಬಹುದು, ಸಾಲ ವಸೂಲಿಗೆ 2002ರ ಸರ್ಫೇಸಿ ಕಾಯ್ದೆ ಅದಕ್ಕೆ ಅಧಿಕಾರ ಕೊಡುತ್ತದೆ. ಆಗ ನಿಮ್ಮ ಹತ್ತು ಲಕ್ಷಕ್ಕೆ ಮಾಲೀಕರ ಹಿಂದೆ ಓಡಾಡಬೇಕು. ಆದ್ದರಿಂದ ಭೋಗ್ಯಕ್ಕೆ ಹಿಡಿಯುವ ಮುನ್ನ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ದಾಖಲೆ) ತೆಗೆಸಿ ನೋಡಲೇಬೇಕು, ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಣಿಗೆ ಒಪ್ಪದ ಮಾಲೀಕರ ಮನೆ ಎಷ್ಟೇ ಚಂದವಿದ್ದರೂ ಬೇಡ. ಮಾಲೀಕರ ಬದಲು ನಡುವಿನ ಸಂಸ್ಥೆಯೊಂದು ನಿಮ್ಮಿಂದ ಭೋಗ್ಯದ ಹಣ ಪಡೆದು ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುವ ವ್ಯವಸ್ಥೆಯೂ ಇದೆ. ಅಂಥ ಸಂಸ್ಥೆ ಬಾಗಿಲು ಮುಚ್ಚಿದ ದಿನ ಮಾಲೀಕರು ಬಾಡಿಗೆ ಕೇಳುತ್ತಾ ನಿಮ್ಮ ಬಾಗಿಲಿಗೆ ಬರುತ್ತಾರೆ. ಮೂವತ್ತರೊಳಗಿನ, ಒಂಟಿಯಾಗಿರುವ, ಕೆಲಸ ಬದಲಿಸುವ ಸಾಧ್ಯತೆಯಿರುವ ಯಾರಿಗೂ ನಾನು ಭೋಗ್ಯವನ್ನು ಹೇಳುವುದಿಲ್ಲ. ಬಿಡುವ ಖರ್ಚು ಇಲ್ಲಿ ಎಲ್ಲಕ್ಕಿಂತ ಹೆಚ್ಚು.

ಎಲ್ಲಿ ಹಿಡಿಯಬೇಕು

ಕಚೇರಿಯ ಪಕ್ಕದಲ್ಲೇ ಇರಬೇಕೆಂಬ ಹಟ ಈಗ ಮೊದಲಿನಷ್ಟು ಅಗತ್ಯವಿಲ್ಲ. ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ 2023ರ ಅಕ್ಟೋಬರ್‌ನಲ್ಲಿ ಪೂರ್ಣವಾಯಿತು. ವಿಜಯನಗರದಲ್ಲಿದ್ದು ವೈಟ್‌ಫೀಲ್ಡ್‌ಗೆ ಒಂದೇ ರೈಲಿನಲ್ಲಿ ಹೋಗಬಹುದು, ಸುಮಾರು ಒಂದು ಗಂಟೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರು ಜಯನಗರ, ಬನಶಂಕರಿಯ ಕಡೆಗೂ ನೋಡಬಹುದು. ಮೆಟ್ರೊ ಅಗ್ಗವಲ್ಲ: 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿ ಆಯಿತು, ತಿಂಗಳಿಗೆ 22 ದಿನ ಹೋಗಿ ಬಂದರೆ 3,960. ಅದನ್ನು ಬಾಡಿಗೆಗೆ ಸೇರಿಸಿಯೇ ಹೋಲಿಸಬೇಕು.

ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರವೇ ಎಂಬುದಂತೂ ಬಹಳ ಮುಖ್ಯ. ಆಟೊಗೆ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಮನೆ ಮೂರು ಕಿಲೋಮೀಟರ್ ದೂರವಿದ್ದರೆ ಒಂದು ಸಲಕ್ಕೆ 54, ತಿಂಗಳಿಗೆ 2,376. ಅದೂ ಮೀಟರ್ ಹಾಕಿದರೆ! ನಿಲ್ದಾಣದ ಬಳಿ ಎರಡು ಸಾವಿರ ಹೆಚ್ಚು ಬಾಡಿಗೆಯ ಮನೆಯೇ ಆಗ ಅಗ್ಗ. ಕರ್ನಾಟಕದ ಮಹಿಳೆಯರಿಗೆ ಈ ಲೆಕ್ಕ ಬೇರೆ ಬರುತ್ತದೆ: ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳು ಉಚಿತವಾದ್ದರಿಂದ ಒಳ್ಳೆಯ ಬಸ್ ಮಾರ್ಗದ ಬೀದಿ ಮೆಟ್ರೊ ಬೀದಿಗಿಂತ ಲಾಭದಾಯಕವಾಗಬಹುದು. ಮುಂದೆ ಮೆಟ್ರೊ ಬರಲಿದೆ ಎಂದು ಹೇಳಿ ಈಗಲೇ ಹೆಚ್ಚು ಕೇಳುವವರಿಗೆ, ಬಂದ ಮೇಲೆ ನಾವೂ ಬರುತ್ತೇವೆ ಎಂದು ಹೇಳಿ.

ಕರ್ನಾಟಕದ ಬೇರೆ ಜಿಲ್ಲೆಗಳಿಂದ ಬಂದವರಿಗೆ ಇನ್ನೊಂದು ಮಾತು. ಊರಿಗೆ ತಿಂಗಳಿಗೆ ಒಂದೆರಡು ಸಲ ಹೋಗುವವರಾದರೆ ಊರಿನ ದಾರಿಯ ಕಡೆಗೇ ಮನೆ ಹಿಡಿಯಿರಿ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಹಾಸನದವರಿಗೆ ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿಯ ಸುತ್ತ, ಮಂಡ್ಯ, ಮೈಸೂರಿನವರಿಗೆ ಕೆಂಗೇರಿ, ವಿಜಯನಗರ, ಕೋಲಾರದವರಿಗೆ ಕೆ.ಆರ್. ಪುರ, ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳ. ಶುಕ್ರವಾರ ಸಂಜೆ ಮಾರತ್ತಹಳ್ಳಿಯಿಂದ ಮೆಜೆಸ್ಟಿಕ್ ತಲುಪುವ ಹೊತ್ತಿಗೆ ತುಮಕೂರು ದಾಟಬಹುದಿತ್ತು ಎಂದು ಹಲುಬುವವರು ನಮ್ಮಲ್ಲಿ ಬಹಳ ಜನ.

ನೀರು, ಕರೆಂಟು, ಕರಾರು

ಯಾವ ಬಗೆಯ ಮನೆಯಾದರೂ ನೀರು ಕೇಳದೆ ಅಡ್ವಾನ್ಸ್ ಕೊಡಬೇಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರದ ಹೊರಭಾಗಗಳು ಟ್ಯಾಂಕರ್‌ಗಾಗಿ ಕಾದಿದ್ದು ನೆನಪಿರಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲನೆಗೊಂಡು, ನಗರಕ್ಕೆ ಸೇರಿಸಿದ ಹೊರಭಾಗದ 110 ಹಳ್ಳಿಗಳ ಭಾಗಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ವ್ಯವಸ್ಥೆಯಾಯಿತು. ಆದರೆ ಬೀದಿಗೆ ಪೈಪು ಬಂದ ಮಾತ್ರಕ್ಕೆ ಕಟ್ಟಡಕ್ಕೆ ನೀರು ಬಂದಂತಲ್ಲ. ಮಾಲೀಕರು ಹಣ ಕಟ್ಟಿ ಸಂಪರ್ಕ ಪಡೆದಿರಬೇಕು. ಕಾವೇರಿ ಇದೆಯೇ, ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ದೊಡ್ಡದು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಕೇಳಿ. ಉತ್ತರವನ್ನು ಬಚ್ಚಲಿನಲ್ಲಿ ಪರೀಕ್ಷಿಸಿ: ನಲ್ಲಿಯ ಮೂತಿಗೆ ಬಿಳಿ ಪದರ ಗಟ್ಟಿಯಾಗಿ ಕಟ್ಟಿದ್ದರೆ ಅಲ್ಲಿ ಬರುತ್ತಿರುವುದು ಬಹುಮಟ್ಟಿಗೆ ಬೋರ್ ನೀರು, ಬಾಯಲ್ಲಿ ಏನೇ ಹೇಳಲಿ. ಎದುರಿನ ದಿನಸಿ ಅಂಗಡಿಯವರನ್ನೂ ಮಾತನಾಡಿಸಿ. ಬೀದಿಗೆ ಟ್ಯಾಂಕರ್ ಎಷ್ಟು ಸಲ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಕರೆಂಟಿಗೆ ನಿಮ್ಮ ಮನೆಗೇ ಬೇರೆ ಮೀಟರ್ ಇರಬೇಕು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಮೀಟರಿನ ಆರ್‌ಆರ್ ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿ ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಬೇಕು. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿಕೊಂಡಿದ್ದಾರೆಯೇ ಎಂದು ಬರುವಾಗಲೇ ವಿಚಾರಿಸಿ. ಸಬ್‌ಮೀಟರ್ ಹಾಕಿ ಯೂನಿಟ್‌ಗೆ ತಮ್ಮದೇ ದರ ವಿಧಿಸುವ ಕಟ್ಟಡಗಳಿಂದ ದೂರವಿರಿ.

ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದೇ ಇರುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಹುಟ್ಟಿದ ಪದ್ಧತಿ ಅದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದಿನ ಯಾವ ಮನೆ ಆ ಮಿತಿಯೊಳಗೆ ಬರುತ್ತದೆ? ಹಾಗಾಗಿ ನಿಮ್ಮನ್ನು ಕಾಯುವುದು ನೀವು ಸಹಿ ಹಾಕುವ ಕಾಗದವೇ. ಬಣ್ಣಕ್ಕೆ ಎಷ್ಟು ಕಡಿತ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರಿಕೆ, ಇಷ್ಟು ತಿಂಗಳಿಗೆ ಮೊದಲು ಬಿಟ್ಟರೆ ದಂಡವಿದೆಯೇ ಎಂಬ ನಾಲ್ಕು ಸಾಲುಗಳನ್ನು ಅಂಕಿಗಳೊಂದಿಗೆ ಬರೆಸಿ. ‘ಪರಸ್ಪರ ಒಪ್ಪಿಗೆಯಂತೆ’ ಎಂದು ಬರೆದಿದ್ದರೆ ಅದು ಮಾಲೀಕರ ಒಪ್ಪಿಗೆ ಎಂದೇ ಓದಿಕೊಳ್ಳಿ. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕ ಕೊಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಾದರೆ, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದಾಗ ಮಾಲೀಕರ ಪ್ಯಾನ್ ಸಂಖ್ಯೆ ಬೇಕು. ಕೊಡುತ್ತಾರೆಯೇ ಎಂದು ಸಹಿಗೆ ಮೊದಲೇ ಕೇಳಿ, ಆಮೇಲೆ ಕೇಳಿದರೆ ಬಾಡಿಗೆ ಏರುತ್ತದೆ.

ಸಾಮಾನು ಇಳಿಸುವ ಮುನ್ನ ಖಾಲಿ ಮನೆಯ ವಿಡಿಯೊ ಮಾಡಿ ಮಾಲೀಕರಿಗೆ ಅಂದೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ: ಗೋಡೆಯ ಬಿರುಕು, ಕಿಟಕಿಯ ಒಡೆದ ಗಾಜು, ಸಿಂಕಿನ ಕೆಳಗಿನ ಸೋರಿಕೆ, ಮೀಟರಿನ ಅಂಕಿ. ಬಿಡುವ ದಿನ ಇದೇ ಕ್ರಮದಲ್ಲಿ ಇನ್ನೊಂದು ವಿಡಿಯೊ, ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಡಿ-ಲಿಂಕ್, ಕೊನೆಯ ಬಿಲ್ಲಿನ ಪಾವತಿ. ಅಡ್ವಾನ್ಸ್ ನಿಮ್ಮ ಖಾತೆಗೆ ಬಂದ ಮೇಲೆ ಬೀಗದ ಕೈ ಕೊಡಿ.